ಬ್ಯಾಕ್ಟೀರಿಯಾದ ಗೋಡೆಯನ್ನು ಗುರುತು ಹಿಡಿಯುವ ಕಿಣ್ವಗಳು

ಕಣ್ಣೀರು, ಜೊಲ್ಲು, ಎದೆಹಾಲು, ಕೋಳಿಮೊಟ್ಟೆಯ ಬಿಳಿಭಾಗ ಇವೆಲ್ಲದರಲ್ಲೂ ಲೈಸೊಜೈಮ್ ಎಂಬ ಕಿಣ್ವವಿದೆ. ಬ್ಯಾಕ್ಟೀರಿಯಾಗಳ ಕೋಶಭಿತ್ತಿಯನ್ನು ಒಡೆಯುವುದು ಅದರ ಕೆಲಸ. ಹಗಲೂ ಇರುಳೂ ಅದರಲ್ಲೇ ತೊಯ್ದಿರುವ ಕಣ್ಣಿನ ಜೀವಕೋಶಗಳಿಗೆ ಮಾತ್ರ ಅದರಿಂದ ಕೂದಲೂ ಕೊಂಕುವುದಿಲ್ಲ. ಅದು ಹುಡುಕಿ ಹಿಡಿಯುವ ವಸ್ತು ಮನುಷ್ಯನ ಜೀವಕೋಶಗಳಲ್ಲಿ ಇಲ್ಲವೇ ಇಲ್ಲ.

ಆ ವಸ್ತು ಪೆಪ್ಟಿಡೊಗ್ಲೈಕಾನ್. ಎನ್‌ಎಜಿ, ಎನ್‌ಎಎಂ ಎಂದು ಚುಟುಕಾಗಿ ಕರೆಯುವ ಎರಡು ಬಗೆಯ ಸಕ್ಕರೆ ಅಣುಗಳು ಒಂದು ಬಿಟ್ಟು ಒಂದರಂತೆ ಪೋಣಿಸಿಕೊಂಡು ಉದ್ದನೆಯ ಸರಗಳಾಗುತ್ತವೆ. ಅಮೈನೊ ಆಮ್ಲಗಳ ಗಿಡ್ಡ ತುಂಡುಗಳು ಈ ಸರಗಳನ್ನು ಅಡ್ಡಡ್ಡವಾಗಿ ಬಿಗಿಯುತ್ತವೆ. ಒಳಗಿನ ಒತ್ತಡಕ್ಕೆ ಬ್ಯಾಕ್ಟೀರಿಯಾ ಸಿಡಿಯದಂತೆ ಕಾಯುವುದು ಈ ಹೆಣಿಗೆಯೇ.

ಲೈಸೊಜೈಮನ್ನು ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ ವರದಿ ಮಾಡಿದರು. ಅದು ಗೋಡೆಯನ್ನು ಹಿಡಿಯುವ ಬಗೆ ತಿಳಿದದ್ದು 1965ರಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಡೇವಿಡ್ ಫಿಲಿಪ್ಸ್ ತಂಡ ಎಕ್ಸ್‌ರೇ ವಿಧಾನದಿಂದ ಅದರ ಆಕಾರವನ್ನು ಬಿಡಿಸಿದಾಗ. ಹೀಗೆ ರೂಪ ತಿಳಿದ ಮೊದಲ ಕಿಣ್ವ ಇದು. ಮೊಟ್ಟೆಯ ಲೈಸೊಜೈಮ್‌ನಲ್ಲಿರುವುದು ಬರೀ 129 ಅಮೈನೊ ಆಮ್ಲಗಳು. ಅಣುವಿನ ಒಂದು ಮಗ್ಗುಲಲ್ಲಿ ಆರು ಸಕ್ಕರೆಗಳು ಸಾಲಾಗಿ ಕೂರುವಷ್ಟು ಉದ್ದದ ಸೀಳಿದೆ.

ಮೊದಲ ಸೆಳೆತ ವಿದ್ಯುದಾವೇಶದ್ದು. ಲೈಸೊಜೈಮ್‌ನದು ಧನ ಆವೇಶ, ಬ್ಯಾಕ್ಟೀರಿಯಾದ ಹೊರಮೈಯದು ಋಣ ಆವೇಶ. ಹತ್ತಿರ ಬಂದ ಮೇಲೆ ನಿಜವಾದ ಗುರುತಿಸುವಿಕೆ ಶುರುವಾಗುತ್ತದೆ. ಸೀಳಿನ ಮೂರನೆಯ ಜಾಗ ಇಕ್ಕಟ್ಟಾದದ್ದು. ಎನ್‌ಎಜಿ ಅಲ್ಲಿ ಸರಿಯಾಗಿ ಕೂತು ಹೈಡ್ರೋಜನ್ ಬಂಧಗಳಿಂದ ಅಂಟಿಕೊಳ್ಳುತ್ತದೆ. ಎನ್‌ಎಎಂಗೆ ಒಂದು ಹೆಚ್ಚಿನ ಕವಲಿರುವುದರಿಂದ ಅದು ಅಲ್ಲಿ ಹಿಡಿಸುವುದೇ ಇಲ್ಲ. ಹಾಗಾಗಿ ನಾಲ್ಕನೆಯ ಜಾಗಕ್ಕೆ ಬರುವುದು ಯಾವಾಗಲೂ ಎನ್‌ಎಎಂ. ನಾಲ್ಕು ಮತ್ತು ಐದನೆಯ ಸಕ್ಕರೆಗಳ ನಡುವೆಯೇ 35ನೆಯ ಗ್ಲೂಟಾಮಿಕ್ ಆಮ್ಲ ಹಾಗೂ 52ನೆಯ ಆಸ್ಪಾರ್ಟಿಕ್ ಆಮ್ಲ ಸೇರಿ ಬಂಧವನ್ನು ಕಡಿಯುತ್ತವೆ. ಒಂದೇ ಒಂದು ಜಾಗದ ಇಕ್ಕಟ್ಟು ಎಲ್ಲಿ ಕಡಿಯಬೇಕೆಂಬುದನ್ನು ನಿರ್ಧರಿಸುವ ಈ ಅಚ್ಚುಕಟ್ಟು ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು.

ಕೆಲವು ಕಿಣ್ವಗಳಲ್ಲಿ ಹಿಡಿಯುವ ಭಾಗವೇ ಬೇರೆ, ಕಡಿಯುವ ಭಾಗವೇ ಬೇರೆ. ಸ್ಟಾಫಿಲೊಕಾಕಸ್ ಸಿಮ್ಯುಲನ್ಸ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಲೈಸೊಸ್ಟಾಫಿನ್ ಇಂಥದ್ದು. ಕುರು, ಕೀವುಗಳಿಗೆ ಕಾರಣವಾಗುವ ಸ್ಟಾಫಿಲೊಕಾಕಸ್ ಆರಿಯಸ್‌ನ ಗೋಡೆಯಲ್ಲಿ ಐದು ಗ್ಲೈಸಿನ್‌ಗಳ ಅಡ್ಡಕೊಂಡಿಗಳಿವೆ. ಲೈಸೊಸ್ಟಾಫಿನ್‌ನ ಒಂದು ಭಾಗ ಆ ಕೊಂಡಿಗೆ ಅಂಟಿ ನಿಂತರೆ, ಇನ್ನೊಂದು ಭಾಗ ಅಂಥ ಕೊಂಡಿಯನ್ನೇ ಕತ್ತರಿಸುತ್ತದೆ. ಅದನ್ನು ತಯಾರಿಸುವ ಬ್ಯಾಕ್ಟೀರಿಯಾ ತನ್ನ ಕೊಂಡಿಗಳಲ್ಲಿ ಕೆಲವು ಗ್ಲೈಸಿನ್‌ಗಳ ಬದಲು ಸೆರಿನ್ ಸೇರಿಸಿಕೊಂಡು ಬದುಕುಳಿಯುತ್ತದೆ.

ಬ್ಯಾಕ್ಟೀರಿಯಾಗಳೂ ಗುರುತು ಮರೆಸಿಕೊಳ್ಳುತ್ತವೆ. ಆರಿಯಸ್ ತನ್ನ ಎನ್‌ಎಎಂ ಮೇಲೆ ಒಂದು ಅಸಿಟೈಲ್ ಗುಂಪನ್ನು ಅಂಟಿಸಿಕೊಂಡರೆ ಸಾಕು, ಆ ಸರ ಲೈಸೊಜೈಮ್‌ನ ಸೀಳಿಗೆ ಹೊಂದುವುದಿಲ್ಲ. ಇ. ಕೋಲೈಯಂಥವು ಗೋಡೆಯ ಮೇಲೆ ಇನ್ನೊಂದು ಪೊರೆ ಹೊದ್ದಿರುವುದರಿಂದ ಕಿಣ್ವ ಗೋಡೆಯ ತನಕ ತಲುಪುವುದೇ ಕಷ್ಟ.

ಬ್ಯಾಕ್ಟೀರಿಯಾಗಳಲ್ಲಿ ಬೆಳೆಯುವ ವೈರಸ್‌ಗಳಾದ ಫೇಜ್‌ಗಳು ಹೊರಬರಲು ಎಂಡೊಲೈಸಿನ್ ಎಂಬ ಕಿಣ್ವಗಳನ್ನು ಬಳಸುತ್ತವೆ. ನ್ಯೂಮೊಕಾಕಸ್‌ನ ಫೇಜ್‌ಗೆ ಸೇರಿದ ಸಿಪಿಎಲ್-1 ಅಲ್ಲಿನ ಕೋಶಭಿತ್ತಿಯ ಕೋಲಿನ್‌ಗೆ ಅಂಟುತ್ತದೆ. ಲಿಸ್ಟೀರಿಯಾದ ಫೇಜ್ ಕಿಣ್ವಗಳ ಹಿಡಿಯುವ ಭಾಗವನ್ನಷ್ಟೇ ಬೇರ್ಪಡಿಸಿ, ಕಾಂತೀಯ ಮಣಿಗಳಿಗೆ ಕೂಡಿಸಿ, ಆಹಾರದಲ್ಲಿ ಅಡಗಿರುವ ಲಿಸ್ಟೀರಿಯಾವನ್ನು ಹಿಡಿದು ತೆಗೆಯುವ ಪರೀಕ್ಷಾ ವಿಧಾನವನ್ನೂ ವಿಜ್ಞಾನಿಗಳು ರೂಪಿಸಿದ್ದಾರೆ.