ಸಕ್ಕರೆ ಕಾಯಿಲೆ ಬರುವುದಕ್ಕೆ ಮುಂಚಿನ ವರ್ಷಗಳು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಕರೆಯುವುದು ಮಿಷನ್ ಆಸ್ಪತ್ರೆ ಎಂದು. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಹೆರಿಗೆ ಮಾಡಿಸಿದವರು ರಿಜಿಸ್ಟರಿನಲ್ಲಿ ತಪ್ಪದೆ ಬರೆದಿಟ್ಟರು. ಬರೆದವರಿಗೆ ಅದು ದಿನದ ಕೆಲಸ. ಅರವತ್ತು ವರ್ಷಗಳ ನಂತರ ಅದೇ ರಿಜಿಸ್ಟರುಗಳು ಹೃದ್ರೋಗ ಮತ್ತು ಮಧುಮೇಹದ ಸಂಶೋಧನೆಯಲ್ಲಿ ಜಗತ್ತೇ ಓದುವ ದಾಖಲೆಗಳಾದವು. ಇದೇ ಊರಿನ ಸರಸ್ವತಿಪುರಂ ಬಡಾವಣೆಯ ಹಳೆಯ ಮನೆಗಳಲ್ಲಿ ಈಗ ಎಪ್ಪತ್ತು, ಎಂಬತ್ತು ದಾಟಿರುವ ಹಿರಿಯರ ಕಾಲದ ದಾಖಲೆಗಳವು. ಅವು ಹೇಳುವ ಮಾತು ಮಾತ್ರ ಆ ಹಿರಿಯರಿಗಿಂತ ಹೆಚ್ಚಾಗಿ ಅವರ ಮಕ್ಕಳು, ಮೊಮ್ಮಕ್ಕಳಿಗೆ ಸಂಬಂಧಿಸಿದ್ದು. ಅದಕ್ಕೇ ಈ ಲೇಖನ.

ಆಸ್ಪತ್ರೆಯ ವೈದ್ಯರು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರೊಂದಿಗೆ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಿನಲ್ಲೇ ನೆಲೆಸಿದ್ದ 517 ಜನರನ್ನು ಹುಡುಕಿ ತಪಾಸಣೆ ಮಾಡಿದರು. ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಇದ್ದವರು ನೂರಕ್ಕೆ 11 ಮಂದಿ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಅದು ನೂರಕ್ಕೆ 3. ತಾಯಿಯ ಹೊಟ್ಟೆಯಲ್ಲಿ ಸರಿಯಾಗಿ ಬೆಳೆಯದ ಕೂಸು ನಲವತ್ತು, ಐವತ್ತರ ವಯಸ್ಸಿನಲ್ಲಿ ಅದರ ಬೆಲೆ ತೆರುತ್ತದೆ ಎಂಬುದಕ್ಕೆ ನಮ್ಮ ಊರಿನದೇ ಪುರಾವೆ ಸಿಕ್ಕಿತು.

ಮಧುಮೇಹದ ಲೆಕ್ಕ ಇಷ್ಟು ಸರಳವಾಗಿರಲಿಲ್ಲ. ಅದೇ ರಿಜಿಸ್ಟರಿನಿಂದ ಹುಡುಕಿದ, 39ರಿಂದ 60 ವರ್ಷದೊಳಗಿನ ಸುಮಾರು ಐನೂರು ಜನರಲ್ಲಿ ನೂರಕ್ಕೆ 15 ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಆದರೆ ಅದು ಹೆಚ್ಚಾಗಿ ಕಂಡದ್ದು ಸಣಕಲು ಕೂಸುಗಳಲ್ಲಲ್ಲ. ಉದ್ದ ಕಡಿಮೆ ಇದ್ದು, ಆ ಉದ್ದಕ್ಕೆ ಮೈ ದುಂಡಗಿದ್ದ ಕೂಸುಗಳಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಗರ್ಭಿಣಿಯ ರಕ್ತದಲ್ಲಿ ಸಕ್ಕರೆ ತುಸು ಏರಿದ್ದು ಯಾರ ಗಮನಕ್ಕೂ ಬಾರದೆ ಹೋಗಿರಬೇಕು, ಅದು ಕೂಸಿನ ಮೈಯಲ್ಲಿ ಕೊಬ್ಬಾಗಿ ಕೂತಿರಬೇಕು ಎಂದು ಸಂಶೋಧಕರು ಊಹಿಸಿದರು.

ಆ ಊಹೆಯನ್ನು ಒರೆಗೆ ಹಚ್ಚಲು 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರಿಗೆ ಸಕ್ಕರೆ ಪರೀಕ್ಷೆ ಮಾಡಿದರು. ನೂರಕ್ಕೆ ಸುಮಾರು ಆರು ಮಂದಿಯಲ್ಲಿ ಗರ್ಭಾವಸ್ಥೆಯ ಮಧುಮೇಹ ಇತ್ತು. ಹೆರಿಗೆಯಾದ ಮೇಲೆ ಅದು ಸಾಮಾನ್ಯವಾಗಿ ಇಳಿದುಹೋಗುತ್ತದೆ, ಮನೆಯವರೂ ಮರೆತುಬಿಡುತ್ತಾರೆ. ಐದು ವರ್ಷಗಳ ನಂತರ ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಹೋದ್ಯೋಗಿಗಳು ಆ ತಾಯಂದಿರನ್ನು ಮತ್ತೆ ಪರೀಕ್ಷಿಸಿದಾಗ, ಬಸುರಿನಲ್ಲಿ ಸಕ್ಕರೆ ಏರಿದ್ದವರ ಪೈಕಿ ನೂರಕ್ಕೆ 37 ಮಂದಿಗೆ ಕಾಯಂ ಮಧುಮೇಹ ಬಂದಿತ್ತು. ಏರದಿದ್ದವರಲ್ಲಿ ನೂರಕ್ಕೆ 2. ಸಕ್ಕರೆ ಏರಿದ್ದ ತಾಯಂದಿರ ಮಕ್ಕಳನ್ನೂ ಬಿಡದೆ ನೋಡಿದರು. ಒಂಬತ್ತೂವರೆ ವರ್ಷದ ಹೊತ್ತಿಗೆ ಆ ಮಕ್ಕಳ ಮೈಯಲ್ಲಿ ಓರಗೆಯವರಿಗಿಂತ ಕೊಬ್ಬು ಹೆಚ್ಚಿತ್ತು, ರಕ್ತದಲ್ಲಿ ಇನ್ಸುಲಿನ್ ಮಟ್ಟವೂ ಏರಿತ್ತು. ಹತ್ತು ವರ್ಷ ತುಂಬದ ಮಗು, ನೋಡಲು ಆರೋಗ್ಯವಾಗಿಯೇ ಇದೆ. ಕಾಯಿಲೆಯ ತಯಾರಿ ಒಳಗೆ ಆಗಲೇ ಶುರುವಾಗಿದೆ.

ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳು ಈಗ ಮೂವತ್ತರ ಹೊಸಿಲಲ್ಲಿದ್ದಾರೆ. ಕೆಲಸಕ್ಕೆ ಸೇರಿದ್ದಾರೆ, ಮದುವೆಯಾಗುತ್ತಿದ್ದಾರೆ, ಕೆಲವರು ತಾವೇ ತಂದೆತಾಯಿಯರು. ನನ್ನ ಆತಂಕವಿರುವುದು ಇವರ ಮುಂದಿನ ಹದಿನೈದು ವರ್ಷಗಳ ಬಗ್ಗೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹಿಂದಿನ ಹಂತದಲ್ಲಿದ್ದಾರೆ, ವೈದ್ಯರು ಪ್ರಿ-ಡಯಾಬಿಟಿಸ್ ಎನ್ನುವ ಹಂತ. ವಯಸ್ಕರಲ್ಲಿ ನೂರಕ್ಕೆ 35ಕ್ಕೂ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡ. ಪ್ರಿ-ಡಯಾಬಿಟಿಸ್‌ನಲ್ಲಿ ಬಾಯಾರಿಕೆಯಿಲ್ಲ, ಸುಸ್ತಿಲ್ಲ, ತೂಕ ಇಳಿಯುವುದಿಲ್ಲ. ತಾನು ಆ ಹಂತದಲ್ಲಿದ್ದೇನೆ ಎಂದು ರಕ್ತಪರೀಕ್ಷೆಯ ಹೊರತು ತಿಳಿಯುವ ದಾರಿಯೇ ಇಲ್ಲ.

'ನಾನು ತೆಳ್ಳಗಿದ್ದೇನೆ, ನನಗೇನೂ ಬರುವುದಿಲ್ಲ' ಎನ್ನುವ ಮಾತನ್ನು ನಮ್ಮಲ್ಲಿ ಧಾರಾಳವಾಗಿ ಕೇಳುತ್ತೇವೆ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಈ ನಂಬಿಕೆಗೆ ತಮ್ಮ ಮೈಯನ್ನೇ ಉತ್ತರವಾಗಿ ಕೊಟ್ಟಿದ್ದಾರೆ. ಎತ್ತರಕ್ಕೆ ತೂಕವನ್ನು ಹೋಲಿಸುವ ಬಿಎಂಐ ಲೆಕ್ಕದಲ್ಲಿ ಇಬ್ಬರೂ 22.3, ಅಂದರೆ ಇಬ್ಬರೂ ತೆಳ್ಳಗಿನವರೇ. ಮೈಯಲ್ಲಿನ ಕೊಬ್ಬಿನ ಪಾಲನ್ನು ಅಳೆದಾಗ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ಇಬ್ಬರ ಚಿತ್ರವೂ 2004ರ 'ಲ್ಯಾನ್ಸೆಟ್'ನಲ್ಲಿ ಅಕ್ಕಪಕ್ಕ ಅಚ್ಚಾಯಿತು. ನಮ್ಮ ಮೈಯಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು. ಆದ್ದರಿಂದಲೇ ಯುರೋಪಿನವರಿಗೆ ಬಿಎಂಐ 25ರ ತನಕ ಸರಿಯೆಂದರೆ, ನಮಗೆ 23ರಿಂದಲೇ ಎಚ್ಚರಿಕೆ.

ಈಗ ಸರಸ್ವತಿಪುರಂನ ಬೆಳಗ್ಗೆ ನೋಡಿ. ಐದೂವರೆಗೆಲ್ಲ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಜನ. ಜವರೇಗೌಡ ಪಾರ್ಕಿನಲ್ಲೂ ಸುತ್ತು ಹಾಕುವವರಿದ್ದಾರೆ, ಬೇಸಿಗೆಯಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ ಮಕ್ಕಳ ಗದ್ದಲ. ಇಷ್ಟು ಅನುಕೂಲ ಕರ್ನಾಟಕದ ಎಷ್ಟು ಬಡಾವಣೆಗಳಿಗಿದೆ? ಆದರೆ ಏರಿಯ ಮೇಲೆ ಎದುರಾಗುವ ಮುಖಗಳನ್ನು ಗಮನಿಸಿ. ಹೆಚ್ಚಿನವರು ನಿವೃತ್ತರು, ಬಹಳ ಮಂದಿ ಡಾಕ್ಟರು ಹೇಳಿದ ಮೇಲೆ ನಡೆಯಲು ಹೊರಟವರು. ಮೂವತ್ತರಿಂದ ನಲವತ್ತೈದರವರು ಅಲ್ಲಿ ಕಡಿಮೆ. ಅವರು ಎದ್ದ ಕೂಡಲೇ ಮೊಬೈಲು ಹಿಡಿದು, ಎರಡು ಕ್ರಾಸ್ ಆಚೆಯ ನಂದಿನಿ ಬೂತಿಗೆ ಸ್ಕೂಟರಿನಲ್ಲಿ ಹೋಗಿ ಹಾಲು ತಂದು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು, ಲ್ಯಾಪ್‌ಟಾಪಿನ ಮುಂದೆ ಕೂತರೆ ಮತ್ತೆ ಏಳುವುದು ಊಟಕ್ಕೆ. ಇವರು ಸೋಮಾರಿಗಳು ಎಂದು ನಾನು ಹೇಳುತ್ತಿಲ್ಲ. ದುಡಿಮೆ ಕುರ್ಚಿಗೆ ಬಂದಿದೆ, ಫುಟ್‌ಪಾತ್ ಕಾರು ನಿಲ್ಲಿಸುವ ಜಾಗವಾಗಿದೆ, ಮನೆಗೆಲಸಕ್ಕೆ ಯಂತ್ರಗಳಿವೆ. ಅವರ ಅಜ್ಜಿ ನೀರು ಸೇದಿ, ಒರಳು ತಿರುಗಿಸಿ, ಬಟ್ಟೆ ಒಗೆದು ಸವೆಸುತ್ತಿದ್ದ ಶಕ್ತಿ ಇವರ ದಿನದಲ್ಲಿ ಸವೆಯುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಕೊಟ್ಟ ಲೆಕ್ಕವೂ ಇದನ್ನೇ ಹೇಳುತ್ತದೆ. 2000ದಲ್ಲಿ ಭಾರತದ ವಯಸ್ಕರ ಪೈಕಿ ಮೈಗೆ ಸಾಕಷ್ಟು ಚಟುವಟಿಕೆ ಇಲ್ಲದವರು ನೂರಕ್ಕೆ 22. 2022ರ ಹೊತ್ತಿಗೆ 49. ಹೆಂಗಸರಲ್ಲಿ ಇನ್ನೂ ಹೆಚ್ಚು, ನೂರಕ್ಕೆ 57. ಹೀಗೇ ಸಾಗಿದರೆ 2030ಕ್ಕೆ ನೂರಕ್ಕೆ 60. 'ಸಾಕಷ್ಟು' ಎಂದರೆ ವಾರಕ್ಕೆ ಒಟ್ಟು 150 ನಿಮಿಷದ ಬಿರುಸು ನಡಿಗೆ, ಅಷ್ಟೇ. ಅದೂ ಅರ್ಧ ದೇಶಕ್ಕೆ ಆಗುತ್ತಿಲ್ಲ.

ಕೂತಿರುವುದು ಏಕೆ ಇಷ್ಟು ಕೆಟ್ಟದ್ದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊಟದಿಂದ ರಕ್ತಕ್ಕೆ ಬಂದ ಗ್ಲೂಕೋಸಿನ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಸ್ನಾಯುಗಳು, ಅದರಲ್ಲೂ ತೊಡೆ ಮತ್ತು ಮೀನಖಂಡದಂಥ ದೊಡ್ಡ ಸ್ನಾಯುಗಳು. ಇನ್ಸುಲಿನ್ ಬೀಗದ ಕೈ ಇದ್ದಂತೆ. ಅದು ತಿರುಗಿದರೆ ಜೀವಕೋಶದ ಬಾಗಿಲು ತೆರೆದು ಗ್ಲೂಕೋಸ್ ಒಳಗೆ ಹೋಗುತ್ತದೆ. ಆದರೆ ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ತಾನೇ ಗ್ಲೂಕೋಸನ್ನು ಒಳಗೆ ಕರೆದುಕೊಳ್ಳಬಲ್ಲದು. ಮೊದಲೇ ಸ್ನಾಯು ಕಡಿಮೆ ಇರುವ ನಮ್ಮವರು ಅದನ್ನೂ ದಿನವಿಡೀ ಸುಮ್ಮನೆ ಕೂರಿಸಿದರೆ, ಮೇದೋಜೀರಕ ಗ್ರಂಥಿ ಮತ್ತಷ್ಟು ಮತ್ತಷ್ಟು ಇನ್ಸುಲಿನ್ ಸುರಿಸಬೇಕಾಗುತ್ತದೆ. ಹತ್ತು ಹನ್ನೆರಡು ವರ್ಷ ಹೀಗೆ ದುಡಿದು ಅದು ಸೋತ ದಿನ ರಿಪೋರ್ಟಿನಲ್ಲಿ ಸಕ್ಕರೆ ಕಾಣಿಸುತ್ತದೆ. ಅಮೆರಿಕದಲ್ಲಿ 2013ರಲ್ಲಿ ಸಕ್ಕರೆ ಏರುವ ಅಪಾಯವಿದ್ದ ಹಿರಿಯರ ಮೇಲೆ ಒಂದು ಸಣ್ಣ ಪ್ರಯೋಗ ನಡೆಯಿತು. ಮೂರೂ ಹೊತ್ತಿನ ಊಟದ ನಂತರ ಹದಿನೈದು ಹದಿನೈದು ನಿಮಿಷ ನಡೆದಾಗ, ಒಂದೇ ಸಲ ನಲವತ್ತೈದು ನಿಮಿಷ ನಡೆದಷ್ಟೇ ದಿನದ ಸಕ್ಕರೆ ಹತೋಟಿಗೆ ಬಂತು. ರಾತ್ರಿಯೂಟದ ನಂತರದ ಏರಿಕೆಯನ್ನಂತೂ ಸಣ್ಣ ನಡಿಗೆಯೇ ಹೆಚ್ಚು ಚೆನ್ನಾಗಿ ತಡೆಯಿತು. ಭಾಗವಹಿಸಿದವರು ಹತ್ತೇ ಮಂದಿ, ಆದ್ದರಿಂದ ಅದನ್ನೇ ಕೊನೆಯ ಮಾತು ಎನ್ನಲಾಗದು. ಆದರೆ ಖರ್ಚಿಲ್ಲದ, ಅಪಾಯವಿಲ್ಲದ ಈ ಅಭ್ಯಾಸಕ್ಕೆ ಇನ್ನೆಷ್ಟು ಸಾಕ್ಷಿ ಬೇಕು? ಊಟ ಮುಗಿಸಿ ಟಿವಿ ಮುಂದೆ ಕೂರುವ ಬದಲು ನಿಮ್ಮ ಮೇನ್ ರೋಡಿನ ಈ ತುದಿಯಿಂದ ಆ ತುದಿಗೆ ಹೋಗಿ ಬನ್ನಿ.

ಇನ್ನು ತಟ್ಟೆ. ನಮ್ಮ ಮಧ್ಯಾಹ್ನದ ಊಟದ ಕ್ರಮ ಏನು? ಸಾರಿಗೊಂದು ಸಲ ಅನ್ನ, ಹುಳಿಗೊಂದು ಸಲ ಅನ್ನ, ಮೊಸರಿಗೊಂದು ಸಲ ಅನ್ನ. ಪಲ್ಯ ತಟ್ಟೆಯ ಅಂಚಿನಲ್ಲಿ ಎರಡು ಚಮಚ. ಕೋಸಂಬರಿ ರಾಮನವಮಿಗೆ, ಗೌರಿ ಹಬ್ಬಕ್ಕೆ. ಬೆಳಗ್ಗೆ ಇಡ್ಲಿ ಅಥವಾ ದೋಸೆ, ಸಂಜೆ ಕಾಫಿಯ ಜೊತೆ ಕೋಡುಬಳೆ, ರಾತ್ರಿ ಅವಲಕ್ಕಿ ಇಲ್ಲವೇ ಮತ್ತೆ ಅನ್ನ. ವೈದ್ಯಕೀಯ ಸಂಶೋಧನಾ ಮಂಡಳಿಯ ಅದೇ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಪ್ರಕಟವಾಗಿದೆ. ಭಾರತೀಯರ ದಿನದ ಶಕ್ತಿಯಲ್ಲಿ ಶೇ 62 ಭಾಗ ಬರುತ್ತಿರುವುದು ಪಿಷ್ಟ ಮತ್ತು ಸಕ್ಕರೆಯಿಂದ. ಅದರಲ್ಲಿನ ಇನ್ನೊಂದು ಮಾತು ನಮ್ಮ ಕಡೆಯವರು ಗಮನಿಸಬೇಕಾದದ್ದು: ಬರೀ ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದರೆ ಮಧುಮೇಹದ ಅಪಾಯ ಇಳಿಯುವುದಿಲ್ಲ, ಒಟ್ಟು ಧಾನ್ಯದ ಪ್ರಮಾಣವೇ ಇಳಿಯಬೇಕು, ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನಂಥ ಪ್ರೋಟೀನು ಬರಬೇಕು. ಅನ್ನ ಬಿಟ್ಟು ಎರಡು ದೊಡ್ಡ ರಾಗಿಮುದ್ದೆ ಉಂಡು ನಿಶ್ಚಿಂತೆಯಾಗಿರುವವರಿಗೆ ಇದನ್ನು ಹೇಳಲೇಬೇಕು. ರಾಗಿ ಒಳ್ಳೆಯದು, ಒಂದು ಮುದ್ದೆ ಸಾಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಕೊಟ್ಟ ಮಾದರಿ ತಟ್ಟೆಯಲ್ಲಿ ದಿನವೊಂದಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ. ನಮ್ಮ ಅಡುಗೆಮನೆಗೆ ಇದು ಹೊಸದೇನಲ್ಲ. ಹೆಸರುಬೇಳೆ ಕೋಸಂಬರಿ, ಕಡಲೆಕಾಳು ಉಸಲಿ, ಅವರೆಕಾಳು ಹುಳಿ, ಬಸ್ಸಾರು, ಸೊಪ್ಪಿನ ಪಲ್ಯ ಎಲ್ಲವೂ ನಮ್ಮವೇ. ಪಲ್ಯ, ಕೋಸಂಬರಿ ಮೊದಲು ತಿನ್ನಿ, ಮೂರು ಸಲದ ಅನ್ನವನ್ನು ಒಂದಕ್ಕೆ ಇಳಿಸಿ. ಇಷ್ಟರಲ್ಲೇ ಹೆಚ್ಚಿನ ಕೆಲಸ ಆಗುತ್ತದೆ. ತಟ್ಟೆಯಲ್ಲಿ ಹಾಲು ಮೊಸರೂ ಇರಬೇಕು. ಮೇಲೆ ಹೇಳಿದ ಮಿಷನ್ ಆಸ್ಪತ್ರೆಯ ಗರ್ಭಿಣಿಯರಲ್ಲಿ ನೂರಕ್ಕೆ 43 ಮಂದಿಗೆ ಬಿ12 ಜೀವಸತ್ವದ ಕೊರತೆ ಇತ್ತು. ಕೊರತೆ ಇದ್ದವರಲ್ಲಿ ಗರ್ಭಾವಸ್ಥೆಯ ಮಧುಮೇಹವೂ ಹೆಚ್ಚು. ಸಸ್ಯಾಹಾರಿ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹಾಲು ಮೊಸರು ಕೊನೆಗೆ ಉಳಿದರೆ ಸಿಗುವ ಪದ್ಧತಿ ಇನ್ನೂ ಇದ್ದರೆ ದಯವಿಟ್ಟು ನಿಲ್ಲಿಸಿ.

ಉಪ್ಪು ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲ ಅದರೊಳಗೇ. ನಿದ್ದೆ ಏಳು ಗಂಟೆ. ಬೀಡಿ, ಸಿಗರೇಟು, ಗುಟ್ಕಾ ಬಗ್ಗೆ ಚರ್ಚೆಗೆ ಏನೂ ಉಳಿದಿಲ್ಲ, ಬಿಡಬೇಕು.

ಹುಟ್ಟಿನಲ್ಲೇ ಬಂದದ್ದನ್ನು ಅಭ್ಯಾಸದಿಂದ ತಡೆಯಲು ಸಾಧ್ಯವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ಪಕ್ಕದ ಚೆನ್ನೈಯಲ್ಲಿದೆ. ಡಾ. ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಹಿಂದಿನ ಹಂತದಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ವಿಶೇಷ ಸಲಹೆ ಇಲ್ಲದೆ ತಮ್ಮ ಪಾಡಿಗೆ ಇದ್ದವರಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ದಿನಕ್ಕೆ ಅರ್ಧ ಗಂಟೆ ನಡೆದು ಸಕ್ಕರೆ, ಪಿಷ್ಟ ಇಳಿಸಿದವರಲ್ಲಿ ನೂರಕ್ಕೆ 39. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲೂ ಹೆಚ್ಚುಕಡಿಮೆ ಅಷ್ಟೇ, ನೂರಕ್ಕೆ 40. ಅಂದರೆ ನಡಿಗೆ ಮತ್ತು ತಟ್ಟೆ ಮಾತ್ರೆಯಷ್ಟೇ ಕೆಲಸ ಮಾಡಿದವು. ಚೀನಾದ ದಾಚಿಂಗ್ ನಗರದಲ್ಲಿ 1986ರಲ್ಲಿ ಶುರುವಾದ ಇಂಥದೇ ಪ್ರಯೋಗದಲ್ಲಿ ಆರು ವರ್ಷ ಅಭ್ಯಾಸ ಬದಲಿಸಿಕೊಂಡವರನ್ನು ಮೂವತ್ತು ವರ್ಷದ ಬಳಿಕ ನೋಡಿದಾಗ, ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದಾಗುವ ಸಾವು ಅವರಲ್ಲಿ ಮೂರನೇ ಒಂದರಷ್ಟು ಕಡಿಮೆ ಇತ್ತು. ಚೆನ್ನೈಯ ಲೆಕ್ಕದಲ್ಲಿ ಇನ್ನೊಂದು ಕಹಿ ಸತ್ಯವೂ ಇದೆ: ಅಭ್ಯಾಸ ಬದಲಿಸಿದರೂ ನೂರಕ್ಕೆ 39 ಮಂದಿ ಜಾರಿದರು. ಆ ಹಂತ ತಲುಪಿದ ಮೇಲೆ ನಮ್ಮವರು ಬಹಳ ಬೇಗ ಜಾರುತ್ತಾರೆ. ಅದಕ್ಕೇ ಐವತ್ತಕ್ಕೆ ನಡಿಗೆ ಶುರು ಮಾಡುವುದು ತಡವಾಯಿತು ಎನ್ನುವುದು. ಮೂವತ್ತಕ್ಕೆ ಮುಂಚೆ ಶುರುವಾಗಬೇಕು.

ಈ ವಾರ ಒಂದು ಕೆಲಸ ಮಾಡಿ. ದರ್ಜಿಯ ಟೇಪು ತೆಗೆದುಕೊಂಡು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಹೊಟ್ಟೆ ಒಳಗೆಳೆಯದೆ, ಉಸಿರು ಸಹಜವಾಗಿ ಬಿಟ್ಟು ಅಳತೆ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮುಟ್ಟಿದ್ದರೆ ತೂಕ ಎಷ್ಟೇ ಕಡಿಮೆಯಿರಲಿ ರಕ್ತ ಪರೀಕ್ಷೆ ಮಾಡಿಸಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಉಚಿತ. ಬಸುರಿನಲ್ಲಿ ಸಕ್ಕರೆ ಕಾಣಿಸಿಕೊಂಡು ಹೆರಿಗೆಯ ನಂತರ ಸರಿಹೋಯಿತು ಎಂದು ನೆಮ್ಮದಿಯಾಗಿರುವ ತಾಯಂದಿರು ಮಾತ್ರ ಟೇಪಿಗೂ ಕಾಯಬೇಡಿ, ವಯಸ್ಸಿಗೂ ಕಾಯಬೇಡಿ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ, ಮಕ್ಕಳನ್ನು ದಿನಾ ಒಂದು ಗಂಟೆ ಆಡಲು ಹೊರಗೆ ಕಳಿಸಿ.