ಕಾರ್ಖಾನೆಯಲ್ಲಿ ಸಿದ್ಧವಾಗುವ ಮರದ ಮನೆ: ಮಾಹಿತಿ ತಪ್ಪಿದರೆ ಗೋಡೆಯೂ ತಪ್ಪು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮ ಗಾದೆ. ಸ್ವೀಡನ್ನಿನಲ್ಲಿ ಮನೆಯನ್ನು ಕಟ್ಟುವುದಕ್ಕಿಂತ ತಯಾರಿಸುವುದೇ ಹೆಚ್ಚು. ಅಲ್ಲಿನ ಒಂಟಿ ಮನೆಗಳಲ್ಲಿ ಬಹುಪಾಲು ಮರದ ಚೌಕಟ್ಟಿನವು. ಅವುಗಳ ಗೋಡೆ, ಛಾವಣಿ, ಕೆಲವೊಮ್ಮೆ ಇಡೀ ಕೋಣೆಗಳೇ ಕಾರ್ಖಾನೆಯಲ್ಲಿ ಸಿದ್ಧಗೊಂಡು ಲಾರಿಯಲ್ಲಿ ನಿವೇಶನ ತಲುಪುತ್ತವೆ.

ನಗರಗಳನ್ನು ಸುಟ್ಟ ಅಗ್ನಿ ಅನಾಹುತಗಳ ಹಿನ್ನೆಲೆಯಲ್ಲಿ 1874ರ ನಿಯಮವು ಎರಡು ಅಂತಸ್ತಿಗಿಂತ ಎತ್ತರದ ಮರದ ಕಟ್ಟಡಗಳನ್ನು ಅಲ್ಲಿ ನಿಷೇಧಿಸಿತ್ತು. 1994ರಲ್ಲಿ ಈ ನಿರ್ಬಂಧ ತೆರವಾಯಿತು. ಕಟ್ಟಡ ಯಾವ ವಸ್ತುವಿನದು ಎಂಬುದಕ್ಕಿಂತ, ಅದು ಬೆಂಕಿಯನ್ನು ಎಷ್ಟು ಹೊತ್ತು ತಡೆಯಬಲ್ಲದು ಎಂಬುದು ಮುಖ್ಯವಾಯಿತು. ಬಹುಮಹಡಿ ವಸತಿ ಕಟ್ಟಡಗಳೂ ಕಾರ್ಖಾನೆಯ ಮರದ ಪೆಟ್ಟಿಗೆಗಳಂತೆ ತಯಾರಾಗತೊಡಗಿದವು.

ಇಲ್ಲಿ ಎದುರಾಗುವ ತೊಡಕು ಮರದ್ದಲ್ಲ, ಮಾಹಿತಿಯದ್ದು. ನಿವೇಶನದಲ್ಲಿ ದುಡಿಯುವ ಬಡಗಿ ನಕ್ಷೆಯ ತಪ್ಪನ್ನು ಕಣ್ಣಳತೆಯಲ್ಲೇ ಗುರುತಿಸಿ ಸರಿಪಡಿಸಬಲ್ಲ. ಆದರೆ ಕಂಪ್ಯೂಟರ್ ನಿಯಂತ್ರಿತ ಗರಗಸ ತನಗೆ ಬಂದ ಅಳತೆಯನ್ನೇ ಕತ್ತರಿಸುತ್ತದೆ.

ಒಂದು ಉದಾಹರಣೆ ನೋಡೋಣ. ಗ್ರಾಹಕರು ಕಿಟಕಿಯ ಅಗಲವನ್ನು 90 ಸೆಂಟಿಮೀಟರಿನಿಂದ 120ಕ್ಕೆ ಹೆಚ್ಚಿಸಲು ಕೋರುತ್ತಾರೆ. ವಿನ್ಯಾಸಕಾರರು ನಕ್ಷೆಯನ್ನು ತಿದ್ದುತ್ತಾರೆ, ಖರೀದಿ ವಿಭಾಗದ ಪಟ್ಟಿ ಮಾತ್ರ ಹಾಗೆಯೇ ಉಳಿಯುತ್ತದೆ. ಗೋಡೆಯಲ್ಲಿ ದೊಡ್ಡ ತೆರಪು, ಬಂದಿಳಿದದ್ದು ಚಿಕ್ಕ ಕಿಟಕಿ! ಆ ಒಂದು ಗೋಡೆ ನಿಂತರೆ ಅದರ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ಕಿಟಕಿಯ ಮೇಲೆ ಭಾರ ಹೊರುವ ಅಡ್ಡತೊಲೆಯ ಲೆಕ್ಕ ಬದಲಾಗದಿದ್ದರಂತೂ ಸುರಕ್ಷತೆಗೇ ಧಕ್ಕೆ.

ಇದಕ್ಕೆ ಕಾರಣ, ಒಂದೇ ಮನೆಗೆ ಹಲವು ಪಟ್ಟಿಗಳಿರುವುದು. ವಿನ್ಯಾಸಕಾರರ ಪಟ್ಟಿ ಕೋಣೆ, ಗೋಡೆಗಳ ಲೆಕ್ಕದಲ್ಲಿರುತ್ತದೆ. ಕಾರ್ಖಾನೆಯದು ಕೆಲಸದ ಕ್ರಮದಲ್ಲಿ, ಖರೀದಿಯದು ಸರಬರಾಜುದಾರರ ಲೆಕ್ಕದಲ್ಲಿ. ಒಂದರಿಂದ ಇನ್ನೊಂದಕ್ಕೆ ಕೈಯಾರೆ ನಕಲು ಮಾಡಿದಾಗಲೆಲ್ಲ ತಪ್ಪಿಗೆ ಅವಕಾಶ.

ಕಾರು, ವಿಮಾನ ಉದ್ಯಮಗಳಲ್ಲಿ ಬಳಕೆಯಲ್ಲಿರುವ ಉತ್ಪನ್ನ ಮಾಹಿತಿ ನಿರ್ವಹಣಾ ತಂತ್ರಾಂಶ ಇದಕ್ಕೊಂದು ಪರಿಹಾರ. ಪ್ರತಿ ಬಿಡಿಭಾಗಕ್ಕೂ ಒಂದೇ ಸಂಖ್ಯೆ, ಒಂದೇ ದಾಖಲೆ. ಬದಲಿಸಿದವರಾರು, ಒಪ್ಪಿದವರಾರು, ಯಾವಾಗ ಎಂಬುದೆಲ್ಲ ಅದರಲ್ಲೇ ಇರುತ್ತದೆ. ಉಳಿದ ಪಟ್ಟಿಗಳು ಆ ದಾಖಲೆಯಿಂದಲೇ ಹೊರಡುತ್ತವೆ.

ಆದರೆ ಒಂದೇ ಮಾದರಿಯ ಕಾರು ಲಕ್ಷಗಟ್ಟಲೆ ತಯಾರಾದರೆ, ಮನೆ ಪ್ರತಿ ಗ್ರಾಹಕರಿಗೂ ಬೇರೆ. ಆದ್ದರಿಂದ ಗೋಡೆಯ ಪದರ, ಜೋಡಣೆ, ಅಗ್ನಿರಕ್ಷಣೆಯಂತಹ ಅಂಶಗಳನ್ನು ಸ್ಥಿರಗೊಳಿಸಿ, ಗ್ರಾಹಕರ ಆಯ್ಕೆಗೆ ಬಿಡಬೇಕಾದುದನ್ನು ಪ್ರತ್ಯೇಕಿಸುವ ಕ್ರಮ ಬಂದಿದೆ. ಸ್ವೀಡನ್ನಿನ ಲುಲಿಯೊ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಈ ಕುರಿತು ಸಂಶೋಧನೆಗಳು ನಡೆದಿವೆ. ತಂತ್ರಾಂಶ ಕೊಂಡರಷ್ಟೇ ಸಾಲದು. ಯಾವ ದಿನಾಂಕದ ನಂತರ ಬದಲಾವಣೆ ಇಲ್ಲ ಎಂಬ ಶಿಸ್ತೂ ಬೇಕು.

ಮನೆ ಹಸ್ತಾಂತರಗೊಂಡ ಮೇಲೂ ಈ ದಾಖಲೆಗೆ ಬೆಲೆಯಿದೆ. ಮರಕ್ಕೆ ತೇವಾಂಶವೇ ದೊಡ್ಡ ಶತ್ರು. ಇಪ್ಪತ್ತು ವರ್ಷಗಳ ನಂತರ ಸ್ನಾನದ ಕೋಣೆ ಸೋರಿದಾಗ, ಮುಚ್ಚಿದ ಗೋಡೆಯೊಳಗೆ ಏನಿದೆ ಎಂಬುದನ್ನು ಗೋಡೆ ಒಡೆಯದೆಯೇ ತಿಳಿಸಬಲ್ಲದ್ದು ಸರಿಯಾದ ದಾಖಲೆಯೊಂದೇ.