ಮುಂದಿನ ಲಾರಿ ಬಲ ಇಂಡಿಕೇಟರ್ ಹಾಕಿದ್ರೆ ಓವರ್‌ಟೇಕ್ ಮಾಡಬಹುದಾ?

ರಾಂಪುರ: ಬಳ್ಳಾರಿ–ಚಳ್ಳಕೆರೆ ಹೆದ್ದಾರಿ 150ಎ ಮೇಲೆ ಓಡಾಡೋ ಬೈಕ್ ಸವಾರರೇ ಗಮನಿಸಿ. ಮುಂದಿನ ಲಾರಿಯ ಬಲ ಇಂಡಿಕೇಟರ್ ಮಿನುಗಿದ್ರೆ ‘ನೀನು ಮುಂದೆ ಹೋಗು’ ಅಂತ ಎಷ್ಟೋ ಜನ ತಿಳೀತಾರೆ. ಲಾರಿ ನಿಜವಾಗ್ಲೂ ಬಲಕ್ಕೆ ತಿರುಗಿದ್ರೆ ಜೀವಕ್ಕೇ ಅಪಾಯ. ನಿಯಮದ ಪ್ರಕಾರ ಅದರರ್ಥ ಒಂದೇ: ನಾನು ಬಲಕ್ಕೆ ಬರ್ತಿದ್ದೀನಿ.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 121ರಂತೆ ಸಿಗ್ನಲ್ ಕೊಡೋದು ಚಾಲಕರ ಹೊಣೆ. ತಿರುಗುವಾಗ ಕೈಯಲ್ಲಾದ್ರೂ ಸರಿ, ಲೈಟಲ್ಲಾದ್ರೂ ಸರಿ.

ಹೊಟ್ಟು, ಮೇವು ತುಂಬಿ ಟ್ರೇಲರ್ ಲೈಟ್ ಮುಚ್ಚಿದ್ರೆ ಟ್ರ್ಯಾಕ್ಟರ್‌ನವರಿಗೆ ಕೈಯೇ ಗತಿ. ಎಲ್ಲಾ ಸಿಗ್ನಲ್ಲೂ ಬಲಗೈಯಲ್ಲೇ:

* ಬಲಕ್ಕೆ: ಕೈ ನೇರ ಚಾಚಿ, ಅಂಗೈ ಮುಂದಕ್ಕೆ.
* ಎಡಕ್ಕೆ: ಚಾಚಿದ ಕೈಯನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ.
* ನಿಧಾನಕ್ಕೆ: ಅಂಗೈ ಕೆಳಗೆ ಮಾಡಿ ಮೇಲೆ-ಕೆಳಗೆ ಆಡಿಸಿ.
* ಹಿಂದಿನವರಿಗೆ ದಾರಿ ಬಿಡಲು: ಕೈಯನ್ನು ಹಿಂದಿನಿಂದ ಮುಂದಕ್ಕೆ ಬೀಸಿ.

ತಿರುಗಿದ ಮೇಲೆ ಬೈಕ್ ಇಂಡಿಕೇಟರ್ ಆಫ್ ಮಾಡೋದು ಮರೀಬೇಡಿ.